ದಾರಿ ಬಿಡಿಸಿದ ಧೀರ: ಸೆಕೆಂಡ್ ಲೆಫ್ಟಿನೆಂಟ್ ರಾಮಾ ರಾಘೋಬಾ ರಾಣೆ

ಶೌರ್ಯವೆಂದೊಡನೆ ಖಡ್ಗವನ್ನೆತ್ತಿ ವೈರಿಯ ಮೇಲೆ ನುಗ್ಗುವ ಯೋಧನ ಚಿತ್ರ ಕಣ್ಮುಂದೆ ಮೂಡುವುದು ಸಹಜ. ಕನ್ನಡ ನಾಡಿನ ವೀರಗಲ್ಲುಗಳೂ ಬಹುಮಟ್ಟಿಗೆ ಆ ರೂಪವನ್ನೇ ಕಡೆದಿರಿಸಿವೆ. ಆದರೆ ಗುಂಡಿನ ಮಳೆಯ ನಡುವೆ ನೆಲದ ಮೇಲೆ ಬಾಗಿ ಕುಳಿತು, ಹಿಂದೆ ಬರುವವರಿಗಾಗಿ ದಾರಿ ಬಿಡಿಸಿಕೊಡುವ ಶೌರ್ಯವೂ ಒಂದುಂಟು. ರಾಮಾ ರಾಘೋಬಾ ರಾಣೆಯವರದು ಆ ಬಗೆಯ ಶೌರ್ಯ.

ರಾಣೆಯವರು ಜನಿಸಿದುದು 1918ರ ಜೂನ್ 26ರಂದು. ಹುಟ್ಟೂರು, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರದ ಬಳಿಯ ಚೆಂಡಿಯಾ. 1940ರಲ್ಲಿ ಬಾಂಬೆ ಇಂಜಿನಿಯರ್ಸ್ ದಳವನ್ನು ಸಾಮಾನ್ಯ ಸಿಪಾಯಿಯಾಗಿ ಸೇರಿ, ಬರ್ಮಾ ರಣರಂಗದಲ್ಲಿ ಸೇವೆ ಸಲ್ಲಿಸಿ, 1947ರ ಡಿಸೆಂಬರಿನಲ್ಲಿ ಅಧಿಕಾರಿ ಪದವಿಗೇರಿದರು. ಆ ಪದವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ ಪರೀಕ್ಷೆಯ ಘಳಿಗೆ ಒದಗಿತು.

ಜಮ್ಮು ಪ್ರಾಂತದ ರಜೌರಿಯು 1947ರ ನವೆಂಬರಿನಲ್ಲಿ ದಾಳಿಕಾರರ ವಶವಾಗಿತ್ತು. ಅದನ್ನು ಬಿಡಿಸಲು ಭಾರತೀಯ ಸೇನೆ 1948ರ ಏಪ್ರಿಲಿನಲ್ಲಿ ನೌಶೇರಾದಿಂದ ಹೊರಟಿತು. ಬೆಟ್ಟವನ್ನು ಗೆಲ್ಲಬೇಕಾದವರು ಪದಾತಿಗಳು. ಅವರಿಗೆ ಆಸರೆಯಾಗಬೇಕಾದವು ಟ್ಯಾಂಕುಗಳು. ಟ್ಯಾಂಕು ಸಾಗಬೇಕಾದರೆ ರಸ್ತೆ ಬೇಕು. ಇದನ್ನು ಬಲ್ಲ ಶತ್ರುಗಳು ಮರಗಳನ್ನು ಉರುಳಿಸಿ, ಮೋರಿಗಳನ್ನು ಸಿಡಿಸಿ, ನೆಲಬಾಂಬುಗಳನ್ನು ಹೂತಿದ್ದರು. ಅಷ್ಟೇ ಅಲ್ಲದೆ ಆ ತಡೆಗಳ ಮೇಲೆ ಮೆಷಿನ್‌ಗನ್ನುಗಳನ್ನು ಗುರಿಯಿಟ್ಟಿದ್ದರು. ತಡೆಯನ್ನು ಬಿಡಿಸಲು ಬಂದವನು ಮರೆಯಿಲ್ಲದೆ ಗುರಿಯಾಗಲೆಂಬುದೇ ಈ ವ್ಯೂಹದ ಮರ್ಮ. ಇದನ್ನು ಭೇದಿಸುವ ಹೊಣೆ ರಾಣೆಯವರ ಸಣ್ಣ ತಂಡದ್ದು.

ಏಪ್ರಿಲ್ 8ರ ಬೆಳಿಗ್ಗೆ 11 ಗಂಟೆಗೆ, ಕೆಲಸ ಆರಂಭವಾಗುವ ಮೊದಲೇ, ಮಾರ್ಟರ್ ಷೆಲ್ಲುಗಳು ತಂಡದ ಮೇಲೆ ಬಿದ್ದವು. ಇಬ್ಬರು ಮಡಿದರು, ಐವರು ಗಾಯಗೊಂಡರು. ಆ ಐವರಲ್ಲಿ ರಾಣೆಯವರೂ ಒಬ್ಬರು. ಆದರೂ ಅವರು ಹಿಂದೆ ಸರಿಯಲಿಲ್ಲ. ಉಳಿದವರನ್ನು ಕೂಡಲೆ ಒಗ್ಗೂಡಿಸಿ ಕಾರ್ಯೋನ್ಮುಖರಾದರು. ಸಂಜೆ ಬರ್ವಾಲಿ ದಿಣ್ಣೆ ಕೈವಶವಾದ ಮೇಲೆ, ಶತ್ರುಗಳು ಇನ್ನೂ ಸುತ್ತಲಿದ್ದರೂ ಮುಂದೆ ಸಾಗಿ, ಟ್ಯಾಂಕುಗಳಿಗಾಗಿ ಬಳಸುದಾರಿಯನ್ನು ಕಡಿಯತೊಡಗಿದರು. ಆ ಕೆಲಸ ರಾತ್ರಿ 10ರವರೆಗೆ ನಡೆಯಿತು.

ಮರುದಿನ ಮುಂಜಾನೆ 6ಕ್ಕೆ ಮತ್ತೆ ಆರಂಭ. ಮಧ್ಯಾಹ್ನ 3ಕ್ಕೆ ಬಳಸುದಾರಿ ಸಿದ್ಧವಾಯಿತು. ಮುಂಚೂಣಿಯ ವಾಹನವನ್ನೇರಿ ರಾಣೆಯವರೇ ಮುಂದೆ ಹೊರಟರು. ಅಡ್ಡ ಬಿದ್ದ ಪೈನ್ ಮರಗಳನ್ನು ಸಿಡಿಸಿದರು. ಮುರಿದ ಮೋರಿಯ ಪಕ್ಕದಲ್ಲಿ ದಾರಿ ಮಾಡಿದರು. ಕತ್ತಲಾಗುವ ವೇಳೆಗೆ ನೆಲಬಾಂಬುಗಳಿಂದ ಸುತ್ತುವರಿದ ಐದು ಹೆಮ್ಮರಗಳ ತಡೆ ಎದುರಾಯಿತು. ಅವರು ಅದಕ್ಕೂ ಕೈಹಚ್ಚಿದ್ದರು. ಮೇಲಧಿಕಾರಿಯು ದಳವನ್ನು ತಂಗಿಸಿದ್ದರಿಂದ ಕೆಲಸ ನಿಂತಿತು. ಏಪ್ರಿಲ್ 10ರ ಬೆಳಗಿನ ಜಾವ 4.45ಕ್ಕೆ ಮತ್ತೆ ತೊಡಗಿ, 6.30ರೊಳಗೆ ಅದನ್ನು ತೆರವು ಮಾಡಿದರು. ಅಂದು ಮಧ್ಯಾಹ್ನ 2ಕ್ಕೆ ಟ್ಯಾಂಕುಗಳು ಚಿಂಗಸ್ ತಲಪಿದವು. ಅವು ನದೀಪಾತ್ರಕ್ಕಿಳಿದು ಮುಂದೆ ಹೋಗಿದ್ದರೂ, ಹಿಂದಿನಿಂದ ಬರುವ ಸಾಮಗ್ರಿಯ ವಾಹನಗಳಿಗೆ ರಸ್ತೆ ಬೇಕೆಂದು ರಾಣೆಯವರು ಅನ್ನ ವಿಶ್ರಾಂತಿಗಳಿಲ್ಲದೆ ರಾತ್ರಿ 9ರವರೆಗೆ ದುಡಿದರು; 11ರಂದೂ ದುಡಿದರು. ಏಪ್ರಿಲ್ 12ರಂದು ಸೇನೆ ರಜೌರಿಯನ್ನು ಪ್ರವೇಶಿಸಿತು.

ಈ ಸಾಹಸಕ್ಕಾಗಿ ಅವರಿಗೆ ಪರಮವೀರ ಚಕ್ರ ಸಂದಿತು. ಆ ಗೌರವವನ್ನು ಜೀವಂತರಾಗಿದ್ದು ಪಡೆದ ಮೊದಲಿಗರ ಪಂಕ್ತಿಯಲ್ಲಿ ಅವರು ಸೇರಿದ್ದಾರೆ. 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿ, 1994ರಲ್ಲಿ ಕಾಲವಶರಾದರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯಿದೆ. 2023ರಲ್ಲಿ ಅಂಡಮಾನಿನ ದ್ವೀಪವೊಂದಕ್ಕೂ ಅವರ ಹೆಸರನ್ನಿಡಲಾಯಿತು.

ರಾಣೆಯವರ ಶೌರ್ಯ ಒಂದು ಕ್ಷಣದ ಆವೇಶವಲ್ಲ. ನಾಲ್ಕು ಹಗಲು ಎಡೆಬಿಡದೆ ನಡೆದ ದುಡಿಮೆ. ಫಲ ತನಗೆಂದು ಬಯಸದೆ, ಹಿಡಿದ ಕೆಲಸವನ್ನು ನಡುವೆ ಕೈಬಿಡದೆ, ಪರರ ಹಿತಕ್ಕಾಗಿ ದುಡಿಯುವುದನ್ನು ಶರಣರು ಕಾಯಕವೆಂದರು. ಗಾಯದ ನೋವಿನಲ್ಲೂ ನಿಲ್ಲದ ಈ ದುಡಿಮೆ ಆ ಹೆಸರಿಗೆ ತಕ್ಕದ್ದು. ತಾನು ಮುಂದೆ ನಡೆದು ಕಲ್ಲುಮುಳ್ಳುಗಳನ್ನು ತೆಗೆದು, ಹಿಂದೆ ಬರುವವರಿಗೆ ಹಾದಿಯನ್ನು ಹಸನುಗೊಳಿಸುವುದು ಗುರುವಿನ ಕೆಲಸವೂ ಹೌದು. ಆದುದರಿಂದಲೇ ಈ ಯೋಧನ ಚರಿತ್ರೆ ಯುದ್ಧದ ಇತಿಹಾಸಕ್ಕೆ ಸಲ್ಲುವಷ್ಟೇ ವಿದ್ಯಾಲಯಕ್ಕೂ ಸಲ್ಲುತ್ತದೆ.