ಶಾಲೆಯ ವಾರದ ಸೂಚನೆ: ಮನೆಯವರು ಗಮನಿಸಬೇಕಾದ ವಿಷಯಗಳು



ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವಾಗ ನಾವು ಒಂದು ಮಾತನ್ನು ಪದೇ ಪದೇ ಕೇಳುತ್ತೇವೆ: "ಸರ್ಕಾರದ ಸ್ಕಾಲರ್‌ಶಿಪ್‌ನ ಕೊನೆಯ ದಿನ ಮುಗಿದ ಮೇಲೆ ನಮಗೆ ಗೊತ್ತಾಯಿತು." ಶಾಲೆಯಲ್ಲಿ ಹೇಳಿದ ವಿಷಯ ಮನೆಗೆ ತಲುಪದಿದ್ದರೆ ಮಗುವಿಗೆ ನಷ್ಟ. ಆದ್ದರಿಂದ ಪ್ರೌಢಶಾಲೆಯ ವಾರದ ಸೂಚನೆಯನ್ನು ಓದುವ ಬಗೆಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಸೂಚನೆ ಬರುವ ದಾರಿ

ಇಲಾಖೆಯ ಸುತ್ತೋಲೆ ಡಿಡಿಪಿಐ ಕಚೇರಿಯಿಂದ ಬಿಇಒ ಕಚೇರಿಗೆ, ಅಲ್ಲಿಂದ ಮುಖ್ಯೋಪಾಧ್ಯಾಯರಿಗೆ ಬರುತ್ತದೆ. ಮಂಗಳೂರಿನಲ್ಲಿ ಉತ್ತರ ಮತ್ತು ದಕ್ಷಿಣ ಎಂದು ಎರಡು ಬಿಇಒ ಕಚೇರಿಗಳಿವೆ. ಮುಖ್ಯೋಪಾಧ್ಯಾಯರು ಅದನ್ನು ಶಿಕ್ಷಕರ ಸೂಚನಾ ಪುಸ್ತಕದಲ್ಲಿ ಬರೆದು ಸಹಿ ಪಡೆಯುತ್ತಾರೆ, ಇಲ್ಲವೇ ಶಿಕ್ಷಕರ ಸಭೆಯಲ್ಲಿ ತಿಳಿಸುತ್ತಾರೆ. ತರಗತಿ ಶಿಕ್ಷಕರು ಮಕ್ಕಳ ಡೈರಿಯಲ್ಲಿ ಬರೆಸುತ್ತಾರೆ, ವಾಟ್ಸ್‌ಆ್ಯಪ್ ಗುಂಪಿಗೂ ಹಾಕುತ್ತಾರೆ. ಅನೇಕ ಮನೆಗಳಲ್ಲಿ ಆ ಗುಂಪಿನಲ್ಲಿರುವುದು ಗಲ್ಫ್‌ನಲ್ಲಿ ದುಡಿಯುವ ತಂದೆಯ ನಂಬರ್. ಆಧಾರ್‌ನ ಒಟಿಪಿಯೂ ಅಲ್ಲಿಗೇ ಹೋಗುತ್ತದೆ. ಕಚೇರಿಗೆ ಓಡಾಡುವ ತಾಯಿಯ ನಂಬರನ್ನೂ ಗುಂಪಿಗೆ ಸೇರಿಸಲು ತರಗತಿ ಶಿಕ್ಷಕರನ್ನು ಕೇಳಿಕೊಳ್ಳಿ.

ಸಿಬ್ಬಂದಿ ಸುದ್ದಿ ನಮಗೇಕೆ?

ಶಿಕ್ಷಕರ ವರ್ಗಾವಣೆ, ನಿವೃತ್ತಿಯ ಸುದ್ದಿಯನ್ನು ಪೋಷಕರು ಬದಿಗಿಡುವುದುಂಟು. ಆದರೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಮಗು ಹಾಕಿದ ಅರ್ಜಿಯನ್ನು ಮೊದಲು ಪರಿಶೀಲಿಸುವವರು ಶಾಲೆಯ ನೋಡಲ್ ಅಧಿಕಾರಿ. ಸಾಮಾನ್ಯವಾಗಿ ಅವರು ಅಲ್ಲಿಯ ಶಿಕ್ಷಕರಲ್ಲೇ ಒಬ್ಬರು. ಅವರು ಬದಲಾದಾಗ ಹೊಸಬರ ನೋಂದಣಿ, ಆಧಾರ್ ದೃಢೀಕರಣ ಆಗದಿದ್ದರೆ ಅರ್ಜಿ ಶಾಲೆಯ ಹಂತದಲ್ಲೇ ನಿಂತುಬಿಡುತ್ತದೆ. ಆದ್ದರಿಂದ "ಈಗ ಸ್ಕಾಲರ್‌ಶಿಪ್ ಯಾರು ನೋಡುತ್ತಾರೆ?" ಎಂದು ಕೇಳಿ ತಿಳಿದುಕೊಳ್ಳಿ. ಅರ್ಜಿ ಹಾಕಿದ ಮೇಲೆ "ಪರಿಶೀಲನೆ ಆಯಿತೇ?" ಎಂದೂ ವಿಚಾರಿಸಿ.

ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಎನ್‌ಎಂಎಂಎಸ್ ಯೋಜನೆಯನ್ನೇ ನೋಡಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿಯ ಮಕ್ಕಳು ಇದರ ಪರೀಕ್ಷೆ ಬರೆಯಬಹುದು. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಆದರೆ ಪ್ರತಿ ವರ್ಷ ನವೀಕರಿಸಬೇಕು. ಒಂದು ಸೂಚನೆ ತಪ್ಪಿದರೂ ಆ ವರ್ಷದ ಹಣಕ್ಕೆ ಸಂಚಕಾರ.

ಮುಂಬರುವ ಕಾರ್ಯಕ್ರಮಗಳ ಪಟ್ಟಿ

ಹತ್ತನೇ ತರಗತಿಯವರ ಸೂಚನೆಯಲ್ಲಿ "ಎಸ್‌ಎಸ್‌ಎಲ್‌ಸಿ ನೋಂದಣಿ" ಅಥವಾ "ನಾಮಿನಲ್ ರೋಲ್ ತಿದ್ದುಪಡಿ" ಎಂದಿದ್ದರೆ ತಪ್ಪದೆ ಶಾಲೆಗೆ ಹೋಗಿ. ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಎಂದು ಒಂದೇ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುವುದು ನಮ್ಮ ಮಕ್ಕಳಲ್ಲಿ ಸಾಮಾನ್ಯ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಸಾರಿದ ದಿನಗಳ ಪಾಠವನ್ನು ಶಾಲೆಗಳು ಮುಂದೆ ಶನಿವಾರ ಹೆಚ್ಚು ಹೊತ್ತು ತರಗತಿ ನಡೆಸಿ ಸರಿದೂಗಿಸುವುದುಂಟು. ಮದ್ರಸದ ಉಸ್ತಾದರಿಗೂ ಮೊದಲೇ ತಿಳಿಸಿದರೆ ಎರಡೂ ಕಡೆ ತೊಂದರೆಯಾಗದು. 2024 ಮತ್ತು 2025ರಲ್ಲಿ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆ ಆರಂಭವಾದದ್ದು ರಮಝಾನ್ ತಿಂಗಳಲ್ಲಿ. ವೇಳಾಪಟ್ಟಿ ಬಂದ ಕೂಡಲೇ ಸಹರಿ, ಓದು, ನಿದ್ದೆಯ ಹೊತ್ತನ್ನು ಮನೆಯಲ್ಲಿ ಹೊಂದಿಸಿಕೊಳ್ಳಿ.

ಈಗಲೇ ಸಿದ್ಧವಿಟ್ಟುಕೊಳ್ಳಿ

• ನಾಡಕಚೇರಿಯಿಂದ ಪಡೆದ ಜಾತಿ (ಪ್ರವರ್ಗ 2ಬಿ) ಮತ್ತು ಆದಾಯ ಪ್ರಮಾಣಪತ್ರ; ಅದರ ಅವಧಿ ಮುಗಿದಿದೆಯೇ ನೋಡಿ.
• ಮಗುವಿನ ಸ್ಯಾಟ್ಸ್ ಸಂಖ್ಯೆ.
• ಮಗುವಿನ ಹೆಸರಿನಲ್ಲಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ.
• 15 ವರ್ಷ ತುಂಬಿದ ಮಗುವಿನ ಆಧಾರ್‌ನಲ್ಲಿ ಬೆರಳಚ್ಚು ಮತ್ತು ಕಣ್ಣಿನ ಗುರುತಿನ ನವೀಕರಣ.

ದಾನಿಗಳ ಗಮನಕ್ಕೆ

ಅನುದಾನರಹಿತ ಖಾಸಗಿ ಶಾಲೆಯ ಮಕ್ಕಳಿಗೆ ಎನ್‌ಎಂಎಂಎಸ್ ಸಿಗುವುದಿಲ್ಲ. ಅಲ್ಲಿ ಓದುವ ಬಡ ಮಕ್ಕಳು, ಯತೀಮರು ನಿಮ್ಮ ನೆರವನ್ನೇ ನಂಬಿದ್ದಾರೆ. ಅರ್ಹ ಮಗುವೊಂದು ಸರ್ಕಾರದಿಂದ 12,000 ರೂಪಾಯಿ ಪಡೆದರೆ, ನೀವು ಕೊಟ್ಟ ಅಷ್ಟೇ ಹಣ ಬೇರೆ ದಾರಿಯಿಲ್ಲದ ಇನ್ನೊಂದು ಮಗುವಿಗೆ ಸಲ್ಲುತ್ತದೆ. ಸೂಚನೆ ಅರ್ಥವಾಗದಿದ್ದರೆ, ಅರ್ಜಿ ತುಂಬಲು ಬಾರದಿದ್ದರೆ, ಪೋಷಕರು ಆ ಕಾಗದವನ್ನೇ ಹಿಡಿದು ನಮ್ಮ ಕಚೇರಿಗೆ ಬನ್ನಿ. ಕೊನೆಯ ದಿನದವರೆಗೆ ಕಾಯಬೇಡಿ.