ಶಾಸನಗಳ ಕಾಲನಿರ್ದೇಶನ ಮತ್ತು ಗಣಕದ ಹೊಸ ದಿನಾಂಕ ವ್ಯವಸ್ಥೆ: ಗದಗ ಪರಿಸರದ ಒಂದು ನಿದರ್ಶನ

ಶಾಸನಾಧ್ಯಯನದಲ್ಲಿ ಕಾಲನಿರ್ಣಯಕ್ಕೆ ಮೊದಲಿನಿಂದಲೂ ಪ್ರಮುಖ ಸ್ಥಾನವಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಪರಿಸರವು ಬೆಳ್ವೊಲ, ಪುಲಿಗೆರೆ ಮೊದಲಾದ ಪ್ರಾಚೀನ ನಾಡುಗಳ ವ್ಯಾಪ್ತಿಗೆ ಸೇರಿದ್ದು, ಶಾಸನ ಸಂಪತ್ತಿನಿಂದ ಸಮೃದ್ಧವಾಗಿದೆ. ಇಂತಹ ಶಾಸನಗಳ ವಿವರಗಳನ್ನು ಗಣಕಕ್ಕೆ ಅಳವಡಿಸುವಾಗ ಅವುಗಳ ತೇದಿಗೆ ಏನಾಗುತ್ತದೆ ಎಂಬುದನ್ನು ಒಂದು ನಿದರ್ಶನದ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಶಾಸನದ ತೇದಿ

ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳೊಂದಿಗೆ ಸಂಕ್ರಾಂತಿ ಅಥವಾ ಗ್ರಹಣದ ಉಲ್ಲೇಖವೂ ಬರುವುದುಂಟು. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಆರಂಭಿಸಿದ ಚಾಲುಕ್ಯ ವಿಕ್ರಮ ವರ್ಷವೂ ಈ ಭಾಗದ ಶಾಸನಗಳಲ್ಲಿ ಬಳಕೆಯಾಗಿದೆ. ಇವುಗಳಿಗೆ ಸಮನಾದ ಕ್ರಿಸ್ತಶಕದ ದಿನವನ್ನು ಫ್ಲೀಟ್, ಕೀಲ್‌ಹಾರ್ನ್, ಸ್ವಾಮಿಕಣ್ಣು ಪಿಳ್ಳೆ ಮೊದಲಾದ ವಿದ್ವಾಂಸರು ನಿರ್ಣಯಿಸಿದ್ದಾರೆ. 1582ಕ್ಕಿಂತ ಹಿಂದಿನ ತೇದಿಗಳನ್ನು ಜೂಲಿಯನ್ ಕ್ಯಾಲೆಂಡರಿನಲ್ಲಿ ಸೂಚಿಸುವುದು ಈ ಪರಂಪರೆಯ ರೂಢಿ.

ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಗದಗಿನ ಶಾಸನವನ್ನು ಇಲ್ಲಿ ಗಮನಿಸಬಹುದು. ಶಕ 1114, ಪರಿಧಾವಿ ಸಂವತ್ಸರ, ಮಾರ್ಗಶಿರ ಪೂರ್ಣಿಮೆ, ಶನಿವಾರ, ಚಂದ್ರಗ್ರಹಣ ಎಂಬುದು ಅದರ ಕಾಲ. ಇದು 1192ರ ನವೆಂಬರ್ 21ಕ್ಕೆ ಸರಿಹೊಂದುತ್ತದೆ. ಇಲ್ಲಿ ಶಕವರ್ಷವನ್ನು ಗತವರ್ಷವೆಂದು ಗ್ರಹಿಸಬೇಕು.

2. ಗಣಕದಲ್ಲಿ ಆದ ಬದಲಾವಣೆ

ಜಾವಾ ಭಾಷೆಯ ಹಳೆಯ ದಿನಾಂಕ ವ್ಯವಸ್ಥೆಯಲ್ಲಿ ಹಲವು ತೊಡಕುಗಳಿದ್ದವು. ತಿಂಗಳುಗಳನ್ನು ಸೊನ್ನೆಯಿಂದ ಎಣಿಸಲಾಗುತ್ತಿತ್ತು; ಹೀಗಾಗಿ ನವೆಂಬರಿನ ಸಂಖ್ಯೆ ಹನ್ನೊಂದರ ಬದಲು ಹತ್ತು ಆಗುತ್ತಿತ್ತು. ಒಮ್ಮೆ ರಚಿಸಿದ ದಿನಾಂಕವನ್ನು ಕ್ರಮವಿಧಿಯ ಬೇರೊಂದು ಭಾಗವು ತಿದ್ದಬಹುದಾಗಿತ್ತು. 2014ರಲ್ಲಿ ಬಂದ ಜಾವಾ 8ನೆಯ ಆವೃತ್ತಿಯು ಈ ದೋಷಗಳನ್ನು ನಿವಾರಿಸಿ, ಬರಿಯ ದಿನ, ಕಾಲದ ಒಂದು ಕ್ಷಣ, ಕಾಲವಲಯಸಹಿತ ಸಮಯ ಇವುಗಳನ್ನು ಪ್ರತ್ಯೇಕಿಸಿತು. ಸ್ಟೀಫನ್ ಕೋಲ್‌ಬರ್ನ್ ಅವರ ಜೋಡಾ-ಟೈಮ್ ಇದಕ್ಕೆ ಪ್ರೇರಣೆ.

ಆದರೆ ಶಾಸನಾಧ್ಯಯನದ ದೃಷ್ಟಿಯಿಂದ ಮುಖ್ಯವಾದ ವ್ಯತ್ಯಾಸ ಬೇರೆಯೇ ಇದೆ. ಹಳೆಯ ವ್ಯವಸ್ಥೆಯು 1582ರ ಅಕ್ಟೋಬರ್ 15ಕ್ಕಿಂತ ಹಿಂದಿನ ದಿನಗಳನ್ನು ಜೂಲಿಯನ್ ಕ್ರಮದಲ್ಲಿ ಎಣಿಸುತ್ತಿತ್ತು. ಹೊಸದು ಗ್ರೆಗೋರಿಯನ್ ಕ್ರಮವನ್ನೇ ಹಿಂದಿನ ಕಾಲಕ್ಕೂ ವಿಸ್ತರಿಸುತ್ತದೆ. ಪೈಥಾನ್ ಭಾಷೆಯ ದಿನಾಂಕ ವ್ಯವಸ್ಥೆಯೂ ಹೀಗೆಯೇ ಇದೆ.

3. ಏಳು ದಿನಗಳ ಅಂತರ

ಹಳೆಯ ಕ್ರಮವಿಧಿಯಲ್ಲಿನ 1192 ನವೆಂಬರ್ 21ನ್ನು ಕ್ಷಣಗಣನೆಯ ಮೂಲಕ ಹೊಸದಕ್ಕೆ ವರ್ಗಾಯಿಸಿದರೆ ತೆರೆಯ ಮೇಲೆ ನವೆಂಬರ್ 28 ಎಂದು ಕಾಣುತ್ತದೆ. ದಿನ ಅದೇ, ಹೆಸರು ಬೇರೆ. ಇದಕ್ಕೆ ಬದಲಾಗಿ ನವೆಂಬರ್ 21 ಎಂಬ ಬರಹವನ್ನೇ ನೇರವಾಗಿ ನಮೂದಿಸಿದರೆ ಹೆಸರು ಉಳಿಯುತ್ತದೆ, ದಿನ ತಪ್ಪುತ್ತದೆ. ಗಣಕವು ಆಗ ಗ್ರಹಿಸುವುದು ಪೂರ್ಣಿಮೆಗೆ ಏಳು ದಿನ ಮುಂಚಿನ, ಅರ್ಧಚಂದ್ರನ ದಿನವನ್ನು. ಅಂದು ಚಂದ್ರಗ್ರಹಣ ಅಸಾಧ್ಯ.

ಇಂತಹ ತಪ್ಪನ್ನು ವಾರದಿಂದ ಪತ್ತೆಹಚ್ಚಬಹುದೆಂದು ತೋರುವುದು ಸಹಜ. ಆದರೆ 1100ರ ಮಾರ್ಚಿನಿಂದ 1300ರ ಫೆಬ್ರವರಿಯವರೆಗೆ ಎರಡು ಕ್ಯಾಲೆಂಡರುಗಳ ಅಂತರ ಸರಿಯಾಗಿ ಏಳು ದಿನ. ಆದ್ದರಿಂದ ತಪ್ಪು ದಿನಕ್ಕೂ ಶನಿವಾರವೇ ಬರುತ್ತದೆ. ಎಂಟನೆಯ ಶತಮಾನದ ಲಕ್ಷ್ಮೇಶ್ವರದ ಬಾದಾಮಿ ಚಾಲುಕ್ಯ ಶಾಸನಗಳ ಕಾಲಕ್ಕೆ ಅಂತರ ನಾಲ್ಕು ದಿನವಾದ್ದರಿಂದ, ವಾರದ ಉಲ್ಲೇಖವಿದ್ದಲ್ಲಿ ತಪ್ಪು ಗೋಚರಿಸುತ್ತದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಉತ್ತರಾರ್ಧದಿಂದ ಹೊಯ್ಸಳ, ಸೇವುಣರವರೆಗಿನ ಶಾಸನಗಳಿಗೆ ಮಾತ್ರ ವಾರದ ಪರೀಕ್ಷೆ ಈ ತಪ್ಪನ್ನು ಮರೆಮಾಚುತ್ತದೆ. ತಿಥಿ, ಗ್ರಹಣ, ಸಂಕ್ರಾಂತಿಗಳೇ ಅಲ್ಲಿ ನಿಜವಾದ ಸಾಕ್ಷಿಗಳು.

4. ಅನುಸರಿಸಬಹುದಾದ ಕ್ರಮ

ಮೊದಲನೆಯದಾಗಿ, ಶಾಸನದ ತೇದಿಯನ್ನು ಮೂಲಪಾಠದಲ್ಲಿರುವಂತೆಯೇ ದಾಖಲಿಸಬೇಕು. ಎರಡನೆಯದಾಗಿ, ನಿರ್ಣಯಿಸಿದ ದಿನವನ್ನು ಜೂಲಿಯನ್ ದಿನಸಂಖ್ಯೆಯಾಗಿ ಇಡಬೇಕು. ಇದು ಕ್ಯಾಲೆಂಡರಿಗೆ ಸಂಬಂಧಿಸದ, ದಿನಗಳ ಅಖಂಡ ಎಣಿಕೆ. ಗದಗ ಶಾಸನದ ದಿನದ ಸಂಖ್ಯೆ 2156761. ಜಾವಾದ ಹೊಸ ವ್ಯವಸ್ಥೆ ಈ ಸಂಖ್ಯೆಯನ್ನು ನೇರವಾಗಿ ಸ್ವೀಕರಿಸುತ್ತದೆ. ಮೂರನೆಯದಾಗಿ, ಮುದ್ರಿಸುವ ತೇದಿಯ ಜೊತೆಗೆ ಅದು ಯಾವ ಕ್ಯಾಲೆಂಡರಿನದೆಂದು ಸೂಚಿಸಬೇಕು. ನಾಲ್ಕನೆಯದಾಗಿ, ವರ್ಷ ಮಾತ್ರ ತಿಳಿದಿರುವ ಶಾಸನಕ್ಕೆ ಜನವರಿ 1 ಎಂದು ತುಂಬಬಾರದು.

ಕೆಲವು ತಂತ್ರಾಂಶಗಳಲ್ಲಿರುವ ಭಾರತೀಯ ಶಕ ಕ್ಯಾಲೆಂಡರ್ ಇಲ್ಲಿ ಪ್ರಯೋಜನಕ್ಕೆ ಬಾರದು. ಅದು 1957ರ ಮಾರ್ಚ್ 22ರಂದು ಜಾರಿಗೆ ಬಂದ ಸೌರಮಾನದ ರಾಷ್ಟ್ರೀಯ ಪಂಚಾಂಗ. ಶಾಸನಗಳ ಮಾಸ-ತಿಥಿಗಳು ಚಾಂದ್ರಮಾನದವು. ಶಾಸನದ ದಿನ ಸೂರ್ಯೋದಯದಿಂದ ಆರಂಭವಾಗುತ್ತದೆ, ಗಣಕದ ದಿನ ಮಧ್ಯರಾತ್ರಿಯಿಂದ ಎಂಬುದನ್ನೂ ಮರೆಯಲಾಗದು.

ಒಟ್ಟಿನಲ್ಲಿ, ಹೊಸ ವ್ಯವಸ್ಥೆಯನ್ನು ಸ್ವೀಕರಿಸುವುದು ಅಗತ್ಯವೇ ಆಗಿದೆ. ಆದರೆ ಗ್ರಹಣಕಾಲದ ದಾನವನ್ನು ಗ್ರಹಣವೇ ಇಲ್ಲದ ದಿನಕ್ಕೆ ಸರಿಸಿದರೆ ನಿಜವಾದ ಶಾಸನವೂ ಕೂಟಶಾಸನದಂತೆ ತೋರೀತು. ಈ ಎಚ್ಚರವನ್ನು ಕ್ರಮವಿಧಿ ತಾನಾಗಿ ವಹಿಸದು. ಶಾಸನವನ್ನು ಓದಬಲ್ಲವರೇ ಅದನ್ನು ವಹಿಸಬೇಕು.