ಕೃತಕ ನೊಣಕ್ಕೆ ಯಾವ ಗರಿ?

ನವಿಲು ತಾನಾಗಿ ಉದುರಿಸಿದ ಗರಿಯೊಂದನ್ನು ಕಿಟಕಿಯ ಬೆಳಕಿಗೆ ಅಡ್ಡವಾಗಿ ಹಿಡಿದು ನೋಡೋಣ. ಹಸಿರು, ನೀಲಿಗಳ ಥಳಕು ಮಾಯವಾಗಿ ಮಂಕು ಕಂದುಬಣ್ಣ ಮಾತ್ರ ಉಳಿಯುವುದು. ಇದರ ಮರ್ಮವನ್ನು ಅರಿತರೆ, ಇಂಗ್ಲೆಂಡಿನಲ್ಲಿ 2009ರಲ್ಲಿ ನಡೆದ ವಿಚಿತ್ರ ಕಳವೊಂದರ ಮರ್ಮವೂ ತಿಳಿಯುವುದು.

ಪಾಶ್ಚಾತ್ಯ ದೇಶಗಳಲ್ಲಿ ಟ್ರೌಟ್, ಸಾಲ್ಮನ್ ಮೀನುಗಳನ್ನು ಹಿಡಿಯುವ ಹವ್ಯಾಸಿಗಳಲ್ಲಿ ಅನೇಕರು ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸುವುದಿಲ್ಲ. ಕೊಕ್ಕೆಯ ಮೇಲೆ ಗರಿ, ತುಪ್ಪುಳುಗಳನ್ನು ದಾರದಿಂದ ಬಿಗಿದು ಕೃತಕ ನೊಣವನ್ನು ಕಟ್ಟುವರು. ಈಗ ಗರಿಯ ಜೊತೆಗೆ ಕಾರ್ಖಾನೆಯ ಎಳೆಗಳೂ ಬಂದಿವೆ. ಇವೆರಡರಲ್ಲಿ ಯಾವುದು ಮೇಲು?

ಮೊದಲು ತೇಲುವ ವಿಚಾರ. ಉಕ್ಕಿನ ಕೊಕ್ಕೆಯು ಸಮಗಾತ್ರದ ನೀರಿಗಿಂತ ಸುಮಾರು 8 ಪಟ್ಟು ಭಾರ. ನೈಲಾನಿನ ಸಾಪೇಕ್ಷ ಸಾಂದ್ರತೆ 1.14, ಪಾಲಿಯೆಸ್ಟರಿನದು 1.38, ಎರಡೂ ಮುಳುಗುವ ಪದಾರ್ಥಗಳೇ. ಪಾಲಿಪ್ರೊಪಿಲೀನ್ ಮಾತ್ರ 0.91, ಅದು ನೀರನ್ನು ಹೀರುವುದೂ ಇಲ್ಲ. ಆದರೂ ಲೆಕ್ಕ ಹಾಕಿ ನೋಡಿದರೆ, ಪೂರ್ಣ ಮುಳುಗಿದ 1 ಗ್ರಾಂ ಉಕ್ಕನ್ನು ಎತ್ತಿಹಿಡಿಯಲು ಈ ಎಳೆ ಸುಮಾರು 9 ಗ್ರಾಂ ಬೇಕು! ಅಷ್ಟನ್ನು ಪುಟ್ಟ ಕೊಕ್ಕೆಗೆ ಸುತ್ತುವುದುಂಟೆ? ಆದ್ದರಿಂದ ನೊಣವನ್ನು ಮುಖ್ಯವಾಗಿ ತೇಲಿಸುವುದು ಎಳೆಯ ಹಗುರತನವಲ್ಲ. ಎಳೆಗಳ ನಡುವೆ ಸಿಕ್ಕಿದ ಗಾಳಿ ಮತ್ತು ನೀರಿನ ಮೇಲ್ಮೈ ಎಳೆತ. ಬಾತಿನ ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿಯ ಸುತ್ತಣ ಮೃದುವಾದ ಗರಿಗಳಲ್ಲಿ ಈ ಎರಡು ಅನುಕೂಲಗಳೂ ಉಂಟು: ಸೂಕ್ಷ್ಮ ಕವಲುಗಳು ಗಾಳಿಯನ್ನು ಹಿಡಿಯುವುವು, ಎಣ್ಣೆ ನೀರನ್ನು ದೂರವಿಡುವುದು.

ಇನ್ನು ಬಣ್ಣದ ವಿಚಾರ. ನವಿಲುಗರಿಯ ನೀಲಿ ಬಣ್ಣವು ವರ್ಣದ್ರವ್ಯದ್ದಲ್ಲ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಡ್ಡಿಗಳು ಕ್ರಮವಾಗಿ ಜೋಡಿಸಿಕೊಂಡು, ಕೆಲವು ತರಂಗಗಳನ್ನಷ್ಟೇ ಬಲವಾಗಿ ಹಿಂತಿರುಗಿಸುವುದರಿಂದ ಅದು ಮೂಡುವುದು. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠದ ಗರಿಯ ಬಣ್ಣವನ್ನು ಕುರಿತು ಸಿ. ವಿ. ರಾಮನ್ನರು ಬೆಂಗಳೂರಿನಲ್ಲಿದ್ದಾಗ 1934ರಲ್ಲಿ ಲೇಖನವನ್ನು ಪ್ರಕಟಿಸಿದರು. ಇಂಥ ಬಣ್ಣವನ್ನು ಸಾಧಾರಣ ಬಣ್ಣದ ನೀರಿನಲ್ಲಿ ಅದ್ದಿದ ಎಳೆಯು ಸರಿಗಟ್ಟಲಾರದು.

ಈ ಕೊರತೆಯೇ ಆಸೆಯನ್ನು ಕೆರಳಿಸಿತು. 19ನೆಯ ಶತಮಾನದ ಸಾಲ್ಮನ್ ನೊಣಗಳಿಗೆ ದೂರದೇಶಗಳ ಅಪೂರ್ವ ಪಕ್ಷಿಗಳ ಗರಿಗಳನ್ನು ಬಳಸುತ್ತಿದ್ದರು. ನಮ್ಮ ಕಾಡುಕೋಳಿಯ ಕೊರಳಗರಿಗೂ ಬಹಳ ಬೇಡಿಕೆಯಿತ್ತು. ಬ್ರಿಟನ್ನಿನಲ್ಲಿ 1921ರ ಶಾಸನವು ಗರಿಗಳ ಆಮದನ್ನು ನಿರ್ಬಂಧಿಸಿತು. ಹಳೆಯ ನೊಣಗಳನ್ನು ಯಥಾವತ್ತಾಗಿ ಕಟ್ಟುವವರ ಹಂಬಲ ಮಾತ್ರ ಅಡಗಲಿಲ್ಲ. 2009ರ ಜೂನ್‌ನಲ್ಲಿ ಅಂಥ ತರುಣನೊಬ್ಬನು ಟ್ರಿಂಗ್ ಊರಿನ ಸಂಗ್ರಹಾಲಯದಿಂದ 299 ಹಕ್ಕಿಚರ್ಮಗಳನ್ನು ಕದ್ದನು. ವಿಜ್ಞಾನಿ ವಾಲೇಸರು ಸಂಗ್ರಹಿಸಿದ್ದ ಪಕ್ಷಿಗಳೂ ಅವುಗಳಲ್ಲಿದ್ದವು. ಅನೇಕವು ಮರಳಿ ದೊರೆತರೂ, ಸ್ಥಳ, ಕಾಲಗಳನ್ನು ತಿಳಿಸುವ ಚೀಟಿ ಕಳೆದುಕೊಂಡವು ವಿಜ್ಞಾನಕ್ಕೆ ಬಹುಮಟ್ಟಿಗೆ ನಷ್ಟವಾದಂತೆಯೇ.

ಇದೆಲ್ಲವೂ ಮೀನಿಗಾಗಿಯೆ? ಅಲ್ಲ. ಅಟ್ಲಾಂಟಿಕ್ ಸಾಲ್ಮನ್ ಸಮುದ್ರದಿಂದ ಮರಳಿ ನದಿಯನ್ನೇರಿದ ಮೇಲೆ ಆಹಾರವನ್ನೇ ಬಿಡುವುದು. ಈ ವೈಭವದ ನೊಣಗಳಲ್ಲಿ ಹಲವು ನೀರನ್ನು ಸೋಕದೆ ಗಾಜಿನ ಚೌಕಟ್ಟಿನಲ್ಲಿಯೇ ಉಳಿಯುವುವು.

ಪ್ಲಾಸ್ಟಿಕ್ ಎಳೆಯೂ ನಿರ್ದೋಷಿಯಲ್ಲ. ನದಿಗೆ ಬಿದ್ದರೆ ಅದು ಬೇಗನೆ ಕೊಳೆಯದು. ಸಾಕಿದ ಕೋಳಿ, ಬಾತುಗಳ ಗರಿ ತೇಲಿಸಲು ಸಾಕು, ಬಣ್ಣ ಕಟ್ಟಲೂ ಸಾಕು. ಗರಿಯ ನಿಜವಾದ ನೀಲಿಯನ್ನು ನೋಡಬೇಕೆಂದರೆ, ತಂತಿಯ ಮೇಲೆ ಕುಳಿತ ನೀಲಕಂಠವು ರೆಕ್ಕೆ ಬಿಚ್ಚುವವರೆಗೆ ನಾವು ಕಾದರಾಯಿತು.